ಶಹಾಬಜಾರಿನ ಮನೆ ಬಹಮನಿ ಕಾಲದ್ದಲ್ಲ

ಮಾನ್ಯ ಸಂಪಾದಕರಿಗೆ,

ಕಲಬುರಗಿಯ ಶಹಾಬಜಾರಿನ ಓಣಿಯೊಂದರಲ್ಲಿ ಕಳೆದ ತಿಂಗಳು ಹಳೆಯ ಮಾಳಿಗೆ ಮನೆಯೊಂದನ್ನು ಕೆಡವಿದ ಸುದ್ದಿಯನ್ನು ತಾವು ಚಿತ್ರಸಮೇತ ಪ್ರಕಟಿಸಿದ್ದೀರಿ. ಬಾಗಿಲ ಮೇಲಿನ ಕಲ್ಲಿನಲ್ಲಿ ಉರ್ದು ಅಕ್ಷರಗಳಲ್ಲಿ ‘ಬಹಮನ್ 1340’ ಎಂದು ಕೆತ್ತಿರುವುದರಿಂದ ಅದು ಬಹಮನಿ ಸುಲ್ತಾನರ ಕಾಲದ ವಾಡೆಯೆಂದೂ, ಬಹುಕಾಲದಿಂದ ಯಾರೂ ವಾಸವಿಲ್ಲದೆ ಪಾಳುಬಿದ್ದಿತ್ತೆಂದೂ ವರದಿಯಲ್ಲಿತ್ತು. 1957ರಿಂದ 1974ರವರೆಗೆ ಆ ಮನೆಯಲ್ಲಿ ಬಾಡಿಗೆಗಿದ್ದ ಕುಟುಂಬದಲ್ಲಿ ಬೆಳೆದ ನಾನು ಈ ಎರಡೂ ಮಾತುಗಳನ್ನು ತಿದ್ದಬೇಕಾಗಿದೆ.

ಮೊದಲು ಕಲ್ಲಿನ ವಿಷಯ. ಅಲ್ಲಾವುದ್ದೀನ್ ಹಸನ್ ಬಹಮನ್ ಷಾ ಬಹಮನಿ ರಾಜ್ಯವನ್ನು ಸ್ಥಾಪಿಸಿದ್ದು 1347ರಲ್ಲಿ. ವರದಿಯನ್ನು ನಂಬಿದರೆ ಆ ರಾಜ್ಯ ಹುಟ್ಟುವ ಏಳು ವರ್ಷ ಮೊದಲೇ ಅದರ ಹೆಸರು ಹೊತ್ತ ಮನೆಯೊಂದು ಶಹಾಬಜಾರಿನಲ್ಲಿ ನಿಂತಿತ್ತು ಎಂದಾಗುತ್ತದೆ. ಕಲ್ಲಿನ ಮೇಲಿದ್ದ ‘ಬಹಮನ್’ ಮನೆತನದ ಹೆಸರಲ್ಲ, ತಿಂಗಳ ಹೆಸರು. ನಿಜಾಮರ ಸರ್ಕಾರದ ಕಾಗದಪತ್ರಗಳಲ್ಲಿ ಬಳಕೆಯಲ್ಲಿದ್ದ ಫಸಲಿ ವರ್ಷ ಅಕ್ಟೋಬರಿನಲ್ಲಿ ಆಜರ್ ತಿಂಗಳಿಂದ ಆರಂಭವಾಗಿ, ಅನಂತರ ದೈ, ಬಹಮನ್ ಎಂದು ಮುಂದುವರಿಯುತ್ತಿತ್ತು. ಅಂಕಿಯ ಪಕ್ಕದಲ್ಲಿ ಫಸಲಿಯನ್ನು ಸೂಚಿಸುವ ‘ಫೆ’ ಅಕ್ಷರವೂ ಇತ್ತು. ತಮ್ಮ ಚಿತ್ರದಲ್ಲಿಯೂ ಅದು ಅರ್ಧ ಕಾಣುತ್ತದೆ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಅದು ಆರಂಭವಾಗುವ ಇಸವಿ ಸಿಗುತ್ತದೆ. ಆದ್ದರಿಂದ ಕಲ್ಲು ಹೇಳುವುದು 1930ರ ಡಿಸೆಂಬರ್ ಸುಮಾರನ್ನು, ಅಂದರೆ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯ ಕಾಲವನ್ನು. ನಮ್ಮ ಭಾಗದ ಅನೇಕ ಹಳೆಯ ಖರೀದಿ ಪತ್ರಗಳಲ್ಲಿ ಇದೇ ಲೆಕ್ಕವಿದೆ. ಓದಬಲ್ಲವರು ಕಡಿಮೆಯಾಗಿದ್ದಾರೆ, ಅಷ್ಟೇ.

ಅದು ವಾಡೆಯೂ ಆಗಿರಲಿಲ್ಲ. ಕಾಳಿನ ವ್ಯಾಪಾರಿಯೊಬ್ಬರು ಬಾಡಿಗೆಗೆಂದೇ ಕಟ್ಟಿಸಿದ, ಒಂದೇ ಹಿಂಗೋಡೆಗೆ ಅಂಟಿಕೊಂಡು ನಿಂತ ಐದು ಮನೆಗಳ ಸಾಲಿನಲ್ಲಿ ಅದು ನಡುವಿನದು. ಇಡೀ ಸಾಲಿನ ಕಲ್ಲು ಅದರ ಬಾಗಿಲಿಗೆ ಬಂದದ್ದು ಆ ಕಾರಣಕ್ಕೆ. ಪ್ರತಿ ಎರಡು ಮನೆಗಳಿಗೆ ಒಂದೇ ನಡುಗೋಡೆ, ನೆಲಕ್ಕೆ ಶಹಾಬಾದಿನ ಪರಸಿ, ತೊಲೆ ಜಂತಿಗಳ ಮೇಲೆ ಮಣ್ಣಿನ ಮಾಳಿಗೆ. ಪ್ರತಿವರ್ಷ ಮಿರಗದ ಮಳೆ ಬರುವ ಮುನ್ನ ಮಾಳಿಗೆಗೆ ಸವಳು ಮಣ್ಣು ಹಾಕಿ ಬಡಿಯಬೇಕಾಗುತ್ತಿತ್ತು. ಒಂದು ಮನೆಯವರು ಉದಾಸೀನ ಮಾಡಿದರೆ ಸೋರುತ್ತಿದ್ದುದು ಪಕ್ಕದ ಮನೆ. ಹೀಗಾಗಿ ಆ ಕೆಲಸ ಐದು ಮನೆಗಳಲ್ಲೂ ಒಂದೇ ದಿನ ನಡೆಯುತ್ತಿತ್ತು. ಬೇಸಿಗೆಯ ರಾತ್ರಿಗಳಲ್ಲಿ ಎಲ್ಲರೂ ಮಾಳಿಗೆಯ ಮೇಲೆಯೇ ಮಲಗುತ್ತಿದ್ದೆವು, ಮತ್ತು ಓಣಿಗೆ ಇಳಿಯದೆಯೇ ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ರೊಟ್ಟಿ, ಹಿಂಡಿಪಲ್ಯ, ಜಗಳ ಎಲ್ಲವೂ ಓಡಾಡುತ್ತಿದ್ದವು.

ಇನ್ನು ಅಲ್ಲಿ ವಾಸವಿದ್ದವರ ಬಗ್ಗೆ. ಮಾಲೀಕರ ಮನೆಯಲ್ಲಿದ್ದ ಬಾಡಿಗೆ ವಹಿಯನ್ನು ಪಕ್ಕದ ಮನೆಯ ಉರ್ದು ಮಾಸ್ತರರು ನಮ್ಮ ತಂದೆಯವರಿಗೆ ಓದಿ ಹೇಳಿದ್ದರಿಂದ ನನಗೆ ಇದು ತಿಳಿದಿದೆ. ಮೊದಲ ಬಾಡಿಗೆದಾರರು ಕಚೇರಿಯ ಅಹಲ್ಕಾರರು, ಅಂದರೆ ಗುಮಾಸ್ತರು. ಮನೆಮಾತು ಕನ್ನಡವಾದರೂ ದಿನವಿಡೀ ಉರ್ದುವಿನಲ್ಲಿ ಬರೆದು, ಸಂಜೆ ಮಗಳಿಗೆ ಪಾಟಿಯ ಮೇಲೆ ಕನ್ನಡ ತಿದ್ದಿಸುತ್ತಿದ್ದರಂತೆ. ಬಾಡಿಗೆ ಹಾಲಿ ಸಿಕ್ಕಾದಲ್ಲಿ, ಅಂದರೆ ನಿಜಾಮರ ಸರ್ಕಾರದ ನಾಣ್ಯದಲ್ಲಿ, ಸಲ್ಲುತ್ತಿತ್ತು. ಆ ನಾಣ್ಯದ ಏಳು ರೂಪಾಯಿ ಬ್ರಿಟಿಷ್ ಸರ್ಕಾರದ ಆರು ರೂಪಾಯಿಗೆ ಸರಿಸುಮಾರು ಸಮ. ಅವರ ನಂತರ ಬಂದದ್ದು ಎಂ.ಎಸ್.ಕೆ. ಬಟ್ಟೆ ಮಿಲ್ಲಿನ ಕಾರ್ಮಿಕರ ಕುಟುಂಬ.

ಕೊನೆಯ ಕೆಲವು ವರ್ಷಗಳನ್ನು ಬಿಟ್ಟರೆ ಮನೆ ಖಾಲಿಯಿದ್ದದ್ದು ಒಮ್ಮೆ ಮಾತ್ರ. 1948ರ ಬೇಸಿಗೆಯಲ್ಲಿ ನಿಜಾಮರ ಪರವಾದ ಸಶಸ್ತ್ರ ದಳವಾದ ರಜಾಕಾರರ ಭಯಕ್ಕೆ ಮಿಲ್ಲಿನವರು ಸೊಲ್ಲಾಪುರದ ಕಡೆಗೆ ಹೋದಾಗ ಬೀಗದ ಕೈಯನ್ನು ಉರ್ದು ಮಾಸ್ತರರ ಬಳಿ ಬಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ಭಾರತದ ಸೇನೆ ನಡೆಸಿದ ಪೊಲೀಸ್ ಕಾರ್ಯಾಚರಣೆಯಿಂದ ನಿಜಾಮರ ಆಳ್ವಿಕೆ ಮುಗಿದ ಬಳಿಕ ಭಯ ಆಚೆ ಕಡೆಯವರ ಪಾಲಿಗೆ ಬಂದು, ಮಾಸ್ತರರ ಕುಟುಂಬ ಕೆಲವು ವಾರ ಮನೆ ಬಿಡಬೇಕಾಯಿತು. ಅಷ್ಟರಲ್ಲಿ ಮರಳಿ ಬಂದಿದ್ದ ಮಿಲ್ಲಿನವರ ಗೋಡೆಯ ಗೂಡಿನಲ್ಲಿ ಈಗ ಮಾಸ್ತರರ ಬೀಗದ ಕೈ ಇತ್ತು. ಈ ಸಂಗತಿಯನ್ನು ಎರಡೂ ಮನೆಯವರ ಬಾಯಿಂದ, ಬೇರೆ ಬೇರೆ ಸಂದರ್ಭಗಳಲ್ಲಿ, ಒಂದೇ ರೀತಿಯಾಗಿ ಕೇಳಿದ್ದೇನೆ.

ನಮ್ಮ ತಂದೆಯವರು ಕನ್ನಡ ಶಾಲೆಯ ಶಿಕ್ಷಕರಾಗಿ ಆಳಂದ ತಾಲ್ಲೂಕಿನಿಂದ ಬಂದದ್ದು ರಾಜ್ಯ ಏಕೀಕರಣವಾದ ಮರುವರ್ಷ. ನಾವು ಬಿಟ್ಟ ಮೇಲೆ ಬಳೆ ವ್ಯಾಪಾರ ಮಾಡುತ್ತಿದ್ದ ವಿಧವೆಯೊಬ್ಬರು ಇಬ್ಬರು ಮಕ್ಕಳೊಂದಿಗೆ ಅಲ್ಲಿದ್ದರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪ ಇಲ್ಲಿಯವರೆಗೂ ನಡುಗಿಸಿದಾಗ ಹಿಂಗೋಡೆ ಬಿರುಕು ಬಿಟ್ಟಿತು. ಕಲ್ಲು, ಮಣ್ಣಿನ ಭಾರವಾದ ಮನೆಗಳೇ ಅಲ್ಲಿ ಸಾವಿರಾರು ಜನರ ಮೇಲೆ ಬಿದ್ದಿದ್ದನ್ನು ಕೇಳಿದ ಆಕೆ ಮಾಳಿಗೆಯ ಮಣ್ಣು ತೆಗೆಸಿ ತಗಡು ಹಾಕಿಸಿದರು. ಅದು ಸಹಜವೇ; ಆದರೆ ಮೇಲಿನ ಭಾರ ಹೋದ ಗೋಡೆಗಳ ತಲೆಗೆ ಮಳೆನೀರು ಇಳಿಯಲು ದಾರಿಯಾಯಿತು. ಪಾಳುಬಿದ್ದಿತ್ತು ಎಂಬ ಮಾತಿಗೆ ಇರುವ ಆಧಾರ ಕೊನೆಯ ಮೂರು ವರ್ಷಗಳಷ್ಟೇ.

ಕೆಡವಿದ್ದು ತಪ್ಪೆಂದು ನಾನು ವಾದಿಸುತ್ತಿಲ್ಲ. ಬಾಡಿಗೆಯಿಂದ ಗಾರೆಯ ಖರ್ಚೂ ಹುಟ್ಟದ ಮನೆಯನ್ನು ಉಳಿಸಿಕೊಳ್ಳಿ ಎಂದು ಮಾಲೀಕರಿಗೆ ಹೇಳುವುದು ಸುಲಭ. ಆದರೆ ನಡುವಿನ ಮನೆ ಹೋದದ್ದರಿಂದ ಎರಡೂ ಕಡೆಯ ನಡುಗೋಡೆಗಳು ಬತ್ತಲಾಗಿವೆ, ಪಕ್ಕದವರ ಜಂತಿಗಳ ತುದಿ ಹೊರಗೆ ಕಾಣುತ್ತಿವೆ. ಎಡಗಡೆಯ ಗೋಡೆಯ ಮೇಲೆ ನಮ್ಮ ಅಡುಗೆಮನೆಯ ಹೊಗೆಯ ಕಪ್ಪು, ಅದರ ಪಕ್ಕದಲ್ಲಿ ಆ ಬೀಗದ ಕೈ ಇದ್ದ ಗೂಡು ಇನ್ನೂ ಇವೆ. ಮಳೆಗಾಲ ಹಿಡಿಯುವ ಮುನ್ನ ಆ ಗೋಡೆಗಳಿಗೆ ಗಿಲಾವು ಮಾಡಿಸಿಕೊಡಬೇಕೆಂದು ಮಾಲೀಕರಲ್ಲಿ ಕೋರುತ್ತೇನೆ. ಗೂಡು ಮುಚ್ಚಿಹೋದರೂ ಚಿಂತೆಯಿಲ್ಲ, ಆ ಗೋಡೆಯಾಚೆ ಈಗಲೂ ಜನ ಮಲಗುತ್ತಾರೆ.

ಬಾಗಿಲ ಕಲ್ಲು ಸದ್ಯ ಚರಂಡಿಯ ಪಕ್ಕದ ಮಣ್ಣಿನಲ್ಲಿ ಬಿದ್ದಿದೆ. ಅದನ್ನು ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿಸುವ ಮಾತು ಓಣಿಯಲ್ಲಿ ನಡೆದಿದೆ, ಸಂತೋಷ. ಆದರೆ ಆ ಸಂಗ್ರಹಾಲಯ ಇರುವುದೇ ಬಹಮನಿ ಕಾಲದ ಗುಮ್ಮಟಗಳಲ್ಲಿ. ಆದ್ದರಿಂದ ಕಲ್ಲನ್ನು ಅಲ್ಲಿ ಇಡುವಾಗ ಫಲಕದಲ್ಲಿ ‘ಫಸಲಿ 1340, ಬಾಡಿಗೆ ಮನೆ’ ಎಂದು ಸ್ಪಷ್ಟವಾಗಿ ಬರೆಸಬೇಕು.

ಇತಿ,
ನಿವೃತ್ತ ಶಿಕ್ಷಕ, ಕಲಬುರಗಿ