ಸ್ಟುಟ್‌ಗಾರ್ಟ್‌ನಿಂದ ಅಪ್ಪನಿಗೆ

ತೀರ್ಥರೂಪ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ, ಅಲ್ಲಿಯೂ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಅಜ್ಜಿಯ ಮಂಡಿನೋವು, ಸುಧಿಯ ಪರೀಕ್ಷೆ ಇವನ್ನೆಲ್ಲ ಭಾನುವಾರ ಫೋನಿನಲ್ಲಿ ವಿಚಾರಿಸುತ್ತೇನೆ. ಕೆಲಸದ ವಿಷಯ ಫೋನಿನಲ್ಲಿ ಹೇಳಹೊರಟರೆ ಅಮ್ಮ ಅರ್ಧಕ್ಕೇ ಕಣ್ಣೀರು ಹಾಕುತ್ತಾಳೆ. ಆದ್ದರಿಂದ, ಕೆಲಸ ಬಿಟ್ಟು ಬಾ ಎಂದು ನೀವು ಬರೆದ ಪತ್ರಕ್ಕೆ ಪತ್ರದಲ್ಲೇ ಉತ್ತರಿಸುತ್ತಿದ್ದೇನೆ.

ನನ್ನ ಕೆಲಸ ಹೋಗಿದೆಯೆಂದು ರಘು ನಿಮಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಾನು ಕೆಲಸ ಬಿಟ್ಟಿಲ್ಲ, ಯಾರೂ ನನ್ನನ್ನು ತೆಗೆದುಹಾಕಿಯೂ ಇಲ್ಲ. ರಾತ್ರಿ ನಿದ್ದೆ ಬಾರದೆ, ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೆ ಎದೆ ಬಡಿದುಕೊಳ್ಳುತ್ತಿದ್ದುದರಿಂದ ವೈದ್ಯರ ಬಳಿ ಹೋಗಿದ್ದೆ. ಅವರು ಇಸಿಜಿ ಮಾಡಿಸಿ, ಹೃದಯಕ್ಕೆ ಏನೂ ಆಗಿಲ್ಲವೆಂದು ಹೇಳಿ, ಒಂದು ವಾರದ ರಜೆ ಬರೆದುಕೊಟ್ಟರು. ಇಲ್ಲಿ ಜರ್ಮನಿಯಲ್ಲಿ ಕಾಯಿಲೆಯ ರಜೆಗೆ ಆರು ವಾರದವರೆಗೆ ಕಂಪನಿಯೇ ಪೂರ್ತಿ ಸಂಬಳ ಕೊಡಬೇಕು, ಕಾಯಿಲೆ ಯಾವುದೆಂದು ಮಾತ್ರ ಕಂಪನಿಗೆ ತಿಳಿಸುವುದಿಲ್ಲ. ಆದರೂ ನಾನು ಹಿಂದಿರುಗಿದ ದಿನ ನಮ್ಮ ಮ್ಯಾನೇಜರ್ ಎಲ್ಲರೂ ಇದ್ದ ಮೀಟಿಂಗಿನಲ್ಲಿ, ಇನ್ನಾದರೂ ಕೆಲಸ ವೇಗವಾಗಿ ಸಾಗುತ್ತದೆಯೋ ಎಂದು ನಗುತ್ತಾ ಕೇಳಿದರು. ಯಾರೂ ನಗಲಿಲ್ಲ.

ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರ ಮೇಲಿನವರಿಗೆ ಪ್ರತಿ ಸೋಮವಾರ ಕೆಂಪು, ಹಳದಿ, ಹಸಿರು ಬಣ್ಣ ತುಂಬಿದ ವರದಿ ಹೋಗಬೇಕು, ಆ ಭಯವನ್ನು ಅವರು ನಮ್ಮ ಮೇಲೆ ಇಳಿಸುತ್ತಾರೆ. ನಾವು ಹದಿನೈದು ನಿಮಿಷಕ್ಕೊಂದು ಸಾಲಿನಂತೆ ಏನು ಮಾಡಿದೆವೆಂದು ಎಕ್ಸೆಲ್‌ನಲ್ಲಿ ತುಂಬಬೇಕು. ಗ್ರಾಹಕರಿಗೆ ಕಳಿಸುವ ಎರಡು ಸಾಲಿನ ಮೇಲ್ ಕೂಡ ಮೊದಲು ಅವರ ಕಣ್ಣಿಗೆ ಬೀಳಬೇಕು, ಅವರು ಒಂದು ಅಲ್ಪವಿರಾಮ ಬದಲಿಸಿ ಹಿಂದಿರುಗಿಸಿದ ಮೇಲೆಯೇ ಅದು ಹೊರಡಬೇಕು. ಐದು ನಿಮಿಷ ಮೌಸ್ ಮುಟ್ಟದಿದ್ದರೆ ಆಫೀಸಿನ ಚಾಟ್ ತಂತ್ರಾಂಶವಾದ ಟೀಮ್ಸ್‌ನಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾಗುತ್ತದೆ, ಹಳದಿಯಾದರೆ ಫೋನ್ ಬರುತ್ತದೆ. ಅನ್ನ ಬೇಯುವಾಗ ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡಿದರೆ ಅಮ್ಮ ಬೈಯುತ್ತಿದ್ದಳಲ್ಲ, ಇಲ್ಲಿ ಮುಚ್ಚಳ ತೆಗೆಯುವವರೇ ಅನ್ನ ಇನ್ನೂ ಬೆಂದಿಲ್ಲವೆಂದು ನಮ್ಮನ್ನು ಬೈಯುತ್ತಾರೆ.

ವಿಚಿತ್ರವೆಂದರೆ ಇದೆಲ್ಲ ನಡೆಯುತ್ತಿರುವುದು ನೌಕರನ ಪರವಾಗಿ ಇಷ್ಟೊಂದು ಕಾನೂನುಗಳಿರುವ ದೇಶದಲ್ಲಿ. ದಿನಕ್ಕೆ ಎಂಟು ಗಂಟೆ ಕೆಲಸ, ಹೆಚ್ಚೆಂದರೆ ಹತ್ತು. ಒಂದು ದಿನದ ಕೆಲಸ ಮುಗಿದ ಮೇಲೆ ಮರುದಿನದ ಕೆಲಸಕ್ಕೆ ಮುನ್ನ ಹನ್ನೊಂದು ಗಂಟೆಗಳ ಬಿಡುವು ಇರಲೇಬೇಕು. ನೌಕರರಿಗೆ ತಿಳಿಯದಂತೆ ಅವರು ಒತ್ತುವ ಕೀಲಿಗಳನ್ನೆಲ್ಲ ದಾಖಲಿಸಿಕೊಳ್ಳುವ ತಂತ್ರಾಂಶವನ್ನು, ನಿರ್ದಿಷ್ಟ ಅನುಮಾನವೇ ಇಲ್ಲದೆ, ಕಂಪನಿಗಳು ಹಾಕುವಂತಿಲ್ಲವೆಂದು ಎರ್ಫರ್ಟ್‌ನಲ್ಲಿರುವ, ಇಡೀ ದೇಶದ ಅತ್ಯುನ್ನತ ಕಾರ್ಮಿಕ ನ್ಯಾಯಾಲಯ 2017ರಲ್ಲೇ ತೀರ್ಪು ಕೊಟ್ಟಿದೆ. ಅದೇ ನ್ಯಾಯಾಲಯ 2022ರಲ್ಲಿ ಕೆಲಸದ ವೇಳೆಯನ್ನು ದಾಖಲಿಸಲೇಬೇಕೆಂದು ಹೇಳಿದ್ದು ಯಾರೂ ಮಿತಿಮೀರಿ ದುಡಿಯಬಾರದೆಂಬ ಕಾರಣಕ್ಕೆ. ನಮ್ಮ ಮ್ಯಾನೇಜರ್ ತಮ್ಮ ಹದಿನೈದು ನಿಮಿಷದ ಎಕ್ಸೆಲ್‌ಗೆ ಅದನ್ನೇ ಆಧಾರವಾಗಿ ತೋರಿಸುತ್ತಾರೆ.

ಐವರು ನೌಕರರಿರುವ ಕಂಪನಿಯಲ್ಲೂ ನೌಕರರ ಮಂಡಳಿ ಚುನಾಯಿಸಬಹುದು, ಮಂಡಳಿ ಇದ್ದಲ್ಲಿ ಅದರ ಒಪ್ಪಿಗೆಯಿಲ್ಲದೆ ಹೊಸ ಕಣ್ಗಾವಲು ಉಪಕರಣ ತರುವಂತಿಲ್ಲ. ನಮ್ಮಲ್ಲಿ ಇದುವರೆಗೆ ಮಂಡಳಿಯಿಲ್ಲ. ಚುನಾವಣೆಯ ಸಿದ್ಧತೆಗೆ ಮೂವರು ನೌಕರರು ಸೇರಿ ಸಭೆ ಕರೆದರೆ ಸಾಕು, ನಿವೃತ್ತಿಗೆ ಹತ್ತಿರವಿರುವ ಒಬ್ಬ ಜರ್ಮನ್ ಸಹೋದ್ಯೋಗಿ ಆ ಪ್ರಯತ್ನದಲ್ಲಿದ್ದಾರೆ. ಯೂನಿಯನ್ ಗೀನಿಯನ್ ಎಂದು ತಲೆಹಾಕಬೇಡವೆಂದು ನೀವು ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಆ ಮೂವರಲ್ಲಿ ನಾನಿಲ್ಲ. ಮತ ಮಾತ್ರ ಹಾಕುತ್ತೇನೆ.

ಇನ್ನು ನೀವು ಬರೆದ, ಸಾಲ ನನ್ನದು, ನೀನು ಬಿಟ್ಟು ಬಾ ಎಂಬ ಮಾತು. ಸೆಮಿಸ್ಟರಿಗೆ 1500 ಯೂರೋ ಶುಲ್ಕಕ್ಕೂ, ವೀಸಾಕ್ಕೆಂದು ಮೊದಲೇ ತೋರಿಸಬೇಕಿದ್ದ ಠೇವಣಿಗೂ ನೀವು ತೋಟವನ್ನು ಅಡವಿಟ್ಟದ್ದು ನನ್ನ ಓದಿಗಾಗಿ. ಅದು ನಿಮ್ಮ ಸಾಲ ಹೇಗಾಗುತ್ತದೆ? ಈ ಮಳೆಗಾಲದಲ್ಲಿ ಕೊಳೆರೋಗ ಬಂದು ಅರ್ಧ ಫಸಲು ಉದುರಿಹೋಯಿತೆಂದು ಸುಧಿ ಹೇಳಿದ, ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಆದ್ದರಿಂದ ಸೊಸೈಟಿಯ ಕಂತನ್ನು ಕಟ್ಟುವವಳು ನಾನೇ, ಅದರಲ್ಲಿ ಚರ್ಚೆ ಬೇಡ.

ಈಗಲೇ ರಾಜೀನಾಮೆ ಕೊಡದಿರುವುದಕ್ಕೆ ಲೆಕ್ಕಾಚಾರವಿದೆ. ತಕ್ಕ ಕಾರಣವಿಲ್ಲದೆ ತಾವಾಗಿ ಕೆಲಸ ಬಿಟ್ಟವರಿಗೆ ನಿರುದ್ಯೋಗ ಭತ್ಯೆಯನ್ನು ಸಾಮಾನ್ಯವಾಗಿ ಹನ್ನೆರಡು ವಾರ ತಡೆಹಿಡಿಯುತ್ತಾರೆ. ಬ್ಲೂ ಕಾರ್ಡ್, ಅಂದರೆ ಹೊರದೇಶದಿಂದ ಬಂದ ಓದಿದವರಿಗೆ ಕೆಲಸದ ಮೇಲೆ ಕೊಡುವ ವಾಸದ ಪರವಾನಗಿ, ಇದ್ದವರು ಕೆಲಸ ಹೋದರೆ ವಲಸೆ ಕಚೇರಿಗೆ ತಿಳಿಸಬೇಕು, ಆಮೇಲೆ ಹೊಸ ಕೆಲಸಕ್ಕೆ ಸಿಗುವ ಸಮಯ ಕಡಿಮೆ. ಆದರೆ ಬ್ಲೂ ಕಾರ್ಡ್‌ನಲ್ಲಿ 21 ತಿಂಗಳು ದುಡಿದು, ಬಿ1 ಮಟ್ಟದ ಜರ್ಮನ್ ಪರೀಕ್ಷೆ ಪಾಸಾಗಿದ್ದರೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಪರೀಕ್ಷೆ ಪಾಸಾಗಿದೆ, ತಿಂಗಳುಗಳು ಜೂನ್‌ಗೆ ತುಂಬುತ್ತವೆ. ಪರವಾನಗಿ ಕೈಗೆ ಬಂದ ಮೇಲೆ ನನ್ನ ವಾಸ ಯಾವ ಮ್ಯಾನೇಜರನ ಮುಖದ ಮೇಲೂ ನಿಂತಿರುವುದಿಲ್ಲ. ಅಷ್ಟರಲ್ಲಿ ಬೇರೆಡೆ ಸಂದರ್ಶನಗಳಿಗೂ ಹೋಗುತ್ತಿದ್ದೇನೆ, ಇದನ್ನು ರಘುವಿಗೆ ಹೇಳಬೇಡಿ.

ಅಮ್ಮನಿಗೆ ಹೇಳಿ, ನಾನು ಮೂರು ಹೊತ್ತೂ ಉಣ್ಣುತ್ತಿದ್ದೇನೆ, ತೂಕ ಇಳಿದಿಲ್ಲ, ಮುಖ ಸಣ್ಣಗೆ ಕಂಡದ್ದು ಕ್ಯಾಮರಾದ ದೋಷ. ಈ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನನ್ನದು. ಈ ಸೀಮೆಯಲ್ಲಿ ಬಾಡಿಗೆಯವರು ವಾರಕ್ಕೊಬ್ಬರಂತೆ ಮಾಡಬೇಕು, ಸರದಿಯ ಫಲಕವನ್ನು ಬಾಗಿಲಿಗೇ ತೂಗುಹಾಕುತ್ತಾರೆ. ಕೆಳಮನೆಯ ಅಜ್ಜಿ ಬೆರಳಿನಿಂದ ಕಂಬಿಯ ಧೂಳು ಪರೀಕ್ಷಿಸಿ, ಭಾರತದ ಹುಡುಗಿ ಚೆನ್ನಾಗಿ ಒರೆಸುತ್ತಾಳೆಂದು ಎದುರುಮನೆಯವರಿಗೆ ಹೇಳಿದರಂತೆ. ಆಫೀಸಿನಲ್ಲಿ ಈ ವರ್ಷ ನನಗೆ ಸಿಗದ ಪ್ರಶಂಸೆ ಅದು! ನಿದ್ದೆಯೂ ಈಗ ಬರುತ್ತಿದೆ, ಎದೆಬಡಿತವೂ ಇಲ್ಲ, ಇದ್ದರೂ ವಾರಕ್ಕೊಮ್ಮೆ ಅಷ್ಟೆ.

ಹೊತ್ತಾಯಿತು, ಊಟದ ಬಿಡುವು ಮುಗಿಯುತ್ತಿದೆ. ಕಂತಿನ ಹಣ ಐದನೆಯ ತಾರೀಖಿನೊಳಗೆ ನಿಮ್ಮ ಖಾತೆಗೆ ಬರುತ್ತದೆ, ಬಂದ ಕೂಡಲೇ ಸೊಸೈಟಿಗೆ ಕಟ್ಟಿ ರಸೀದಿಯ ಫೋಟೋ ಕಳಿಸಲು ಸುಧಿಗೆ ಹೇಳಿ. ನಿಮ್ಮ ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮ ಮಗಳು,
ವಸುಧಾ