ನಮ್ಮ ಕಂಪ್ಯೂಟರಿನ ಬೀಗದ ಕೀ ನಿಮ್ಮ ಖಾತೆಯಲ್ಲಿದೆ: ಸರ್ವಿಸ್ ಸೆಂಟರಿಗೆ ಒಂದು ದೂರು ಪತ್ರ

ಉಡುಪಿ
27 ಜನವರಿ 2026

ಗೆ,
ಸರ್ವಿಸ್ ವಿಭಾಗದ ಮುಖ್ಯಸ್ಥರು,
ಮಂಗಳೂರು ಶಾಖೆ

ವಿಷಯ: ನಿಮ್ಮ ಇಂಜಿನಿಯರ್ ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದ ನಂತರ ಲಾಕ್ ಆದ ಕಂಪ್ಯೂಟರ್ ಹಾಗೂ ಡಿವಿಡಿ ರೈಟರ್ ಕುರಿತು

ಮಾನ್ಯರೇ,

ಜನವರಿ 8ರಿಂದ ಈಚೆಗೆ ನಿಮಗೆ ಒಂಬತ್ತು ಸಲ ಫೋನು ಮಾಡಿದ್ದೇವೆ, ಒಮ್ಮೆ ಸಿಪಿಯು ಹೊತ್ತುಕೊಂಡು ಮಂಗಳೂರಿಗೇ ಬಂದಿದ್ದೇವೆ. ಮೊದಲು "ಇಂಜಿನಿಯರ್ ಫೀಲ್ಡಿನಲ್ಲಿದ್ದಾರೆ" ಎಂದಿರಿ. ಆಮೇಲೆ "ಪರ್ಯಾಯ ಮುಗಿಯಲಿ, ಉಡುಪಿಯಲ್ಲಿ ರಸ್ತೆ ಎಲ್ಲ ಬಂದ್ ಉಂಟಲ್ಲ" ಎಂದಿರಿ. ಕೃಷ್ಣಮಠದ ಪರ್ಯಾಯ ಉತ್ಸವ 18ಕ್ಕೆ ಮುಗಿಯಿತು. ಅದಾಗಿ ಒಂಬತ್ತು ದಿನ ಕಳೆದರೂ ಯಾರೂ ಬಂದಿಲ್ಲ. ಇನ್ನು ಫೋನು ಮಾಡುವುದಿಲ್ಲ, ಬರೆದೇ ಕೊಡುತ್ತಿದ್ದೇವೆ. ಬಿಲ್, ಜಾಬ್ ಶೀಟ್, ಪರದೆಯ ಫೋಟೋ ಮೂರನ್ನೂ ಲಗತ್ತಿಸಿದ್ದೇವೆ.

ನಮ್ಮದು ಯಕ್ಷಗಾನ, ನೇಮ (ಭೂತಕೋಲ), ಮದುವೆ ಚಿತ್ರೀಕರಣದ ಸಣ್ಣ ಸ್ಟುಡಿಯೋ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಹಳೆಯದು ಇಂಟೆಲ್‌ನ 6ನೇ ತಲೆಮಾರಿನ ಪ್ರೊಸೆಸರ್, ವಿಂಡೋಸ್ 11ಕ್ಕೆ ಕನಿಷ್ಠ 8ನೇ ತಲೆಮಾರು ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು ಎಂದು ನೀವೇ ಹೇಳಿದಿರಿ. ಅದು ನಿಜ, ಆದ್ದರಿಂದ ಒಪ್ಪಿದೆವು. ನವೆಂಬರ್ 17ರಂದು ಎಎಂಡಿ ಪ್ರೊಸೆಸರಿನ ಹೊಸ ಬೋರ್ಡು, ಸಿ ಡ್ರೈವಿಗೆ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿದಿರಿ, ನಮ್ಮ ಹಳೆ 4 ಟಿಬಿ ಹಾರ್ಡ್ ಡಿಸ್ಕನ್ನು ಡಿ ಡ್ರೈವಾಗಿ ಜೋಡಿಸಿದಿರಿ. ಒಟ್ಟು 46,800 ರೂಪಾಯಿ. ಹೊಸ ಕ್ಯಾಬಿನೆಟ್‌ನಲ್ಲಿ ಒಳಗಿನ ಡಿವಿಡಿ ರೈಟರ್ ಕೂರಿಸುವ ಜಾಗವೇ ಇಲ್ಲ. ಅದಕ್ಕೆ 2,150 ರೂಪಾಯಿಯ ತೆಳು ಯುಎಸ್‌ಬಿ ರೈಟರ್ ಕೊಟ್ಟು, ಚೆನ್ನಾಗಿದ್ದ ಹಳೆ ಸಾಟಾ ರೈಟರನ್ನು ನೀವೇ ಇಟ್ಟುಕೊಂಡಿರಿ. ಜಾಬ್ ಶೀಟ್‌ನ ಷರಾ ಕಾಲಂನಲ್ಲಿ "ಡಿ ಡ್ರೈವ್ ಮುಟ್ಟಬಾರದು" ಎಂದು ಬರೆದದ್ದು ನಿಮ್ಮ ಸಿಬ್ಬಂದಿಯ ಕೈಬರಹ.

ತೊಂದರೆ ಶುರುವಾದದ್ದು ಆ ರೈಟರಿನಿಂದ. ಕೆಲವೇ ಗಂಟೆಯಲ್ಲಿ ಮುಗಿಯುವ ಕಾಲಮಿತಿ ಯಕ್ಷಗಾನ ಆಟವೊಂದಕ್ಕೆ ಎರಡು ಡಿಸ್ಕ್ ಬೇಕು, ಬೆಳಗಿನವರೆಗಿನ ಆಟಕ್ಕೆ ನಾಲ್ಕು. ಆಡಿಸಿದ ಮನೆಯವರು ಇವತ್ತಿಗೂ ಡಿವಿಡಿ ಕೇಳುತ್ತಾರೆ, ಮನೆಯ ಹಿರಿಯರಿಗೆ ಟಿವಿ ಕೆಳಗಿನ ಪ್ಲೇಯರಿಗೆ ಹಾಕಿದರೆ ಓಡಬೇಕು. ನೀವು ಕೊಟ್ಟ ರೈಟರಿನಲ್ಲಿ 50ರ ಡಬ್ಬದಿಂದ ಹತ್ತು ಡಿಸ್ಕ್ ಬರೆದಾಗ ಆರು ಹಾಳಾದವು. ನಾಲ್ಕು ಶುರುವಿನಲ್ಲೇ "ಪವರ್ ಕ್ಯಾಲಿಬ್ರೇಶನ್ ಎರರ್" ಎಂದು ನಿಂತವು. ಎರಡು ಅರ್ಧದಲ್ಲಿ, ಯುಎಸ್‌ಬಿ ಕಳಚಿದ ಸದ್ದು ಬಂದು ರೈಟರೇ ಕಾಣೆಯಾಯಿತು. ಅದೇ ಡಬ್ಬದ ಹತ್ತು ಡಿಸ್ಕನ್ನು ನಮ್ಮ ಎರಡನೇ ಕಂಪ್ಯೂಟರಿನ ಒಳಗಿನ ಸಾಟಾ ರೈಟರಿನಲ್ಲಿ 8ಎಕ್ಸ್ ವೇಗದಲ್ಲಿ ಬರೆದೆವು. ಹತ್ತೂ ಬರೆದವು, ಹತ್ತೂ ವೆರಿಫೈ ಆದವು. ಡಿಸ್ಕ್ ಕೆಟ್ಟದ್ದಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಪರೀಕ್ಷೆ ಇಲ್ಲ. ಆದರೂ ಫೋನಿನಲ್ಲಿ ಮೂರು ಸಲ "ಒಳ್ಳೆ ಕಂಪನಿಯ ಡಿಸ್ಕ್ ತಗೊಳ್ಳಿ" ಎಂದೇ ಹೇಳಿದಿರಿ. ಒಮ್ಮೆಯಂತೂ "ವಿಂಡೋಸ್ 11ರಲ್ಲಿ ಡಿವಿಡಿ ಬರೆಯಲಿಕ್ಕೇ ಆಗುವುದಿಲ್ಲ" ಎಂದಿರಿ. ಐಎಸ್‌ಒ (ಡಿಸ್ಕಿನ ಪೂರ್ತಿ ನಕಲು) ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಹೆಚ್ಚಿನ ಆಯ್ಕೆಗಳನ್ನು ತೆರೆದರೆ ಡಿಸ್ಕ್ ಬರೆಯುವ ಆಯ್ಕೆ ಅಲ್ಲೇ ಇದೆ. ವಿಂಡೋಸ್ 7ರಿಂದಲೂ ಇದೆ.

ಕಾರಣ ಕರೆಂಟು. ಓದುವಾಗ ರೈಟರಿಗೆ ಕಡಿಮೆ ಸಾಕು. ಬರೆಯುವ ಮೊದಲು ಅದು ಡಿಸ್ಕಿನ ಒಳ ಅಂಚಿನಲ್ಲಿ ಲೇಸರ್ ಎಷ್ಟು ಜೋರಾಗಿ ಹಾಯಬೇಕೆಂದು ಪರೀಕ್ಷಿಸಿಕೊಳ್ಳುತ್ತದೆ. ಆಗ ಮೋಟಾರು, ಲೇಸರ್ ಎರಡೂ ಒಟ್ಟಿಗೆ ಎಳೆಯುತ್ತವೆ. ಯುಎಸ್‌ಬಿ 2.0 ಪೋರ್ಟಿನ ಲೆಕ್ಕ 500 ಮಿಲಿಆಂಪಿಯರ್, 3.0ದ್ದು 900. ನಿಮ್ಮ ಇಂಜಿನಿಯರ್ ಜೋಡಿಸಿದ್ದು ಕ್ಯಾಬಿನೆಟ್ ಮುಂಭಾಗದ 2.0 ಪೋರ್ಟಿಗೆ, ಅದೂ ಒಂದೂವರೆ ಮೀಟರಿನ ತೆಳು ಎಕ್ಸ್‌ಟೆನ್ಶನ್ ಕೇಬಲ್ ಸೇರಿಸಿ. ಅಷ್ಟು ತೆಳು ತಂತಿಯಲ್ಲಿ ಹೊರೆ ಬಿದ್ದ ಕೂಡಲೇ ವೋಲ್ಟೇಜ್ ಇಳಿಯುತ್ತದೆ. ಜನವರಿ 10ರಂದು ನಾವು ಆ ಕೇಬಲ್ ತೆಗೆದು, ರೈಟರಿನ ಸ್ವಂತ ಗಿಡ್ಡ ಕೇಬಲಿನಲ್ಲಿ ಎರಡನೇ ಕಂಪ್ಯೂಟರಿನ ಹಿಂಬದಿಯ ನೀಲಿ 3.0 ಪೋರ್ಟಿಗೆ ನೇರ ಹಾಕಿದೆವು. ಆರಕ್ಕೆ ಆರೂ ಸರಿಯಾಗಿ ಬರೆದವು.

ಇನ್ನೊಂದು ವಿಷಯ. ನಿಮ್ಮ ಇಂಜಿನಿಯರ್ ಮಾದರಿಗೆಂದು ಬರೆದುಕೊಟ್ಟ ಡಿಸ್ಕ್ ಯಾವ ಪ್ಲೇಯರಿನಲ್ಲೂ ಓಡಲಿಲ್ಲ. ವಿಂಡೋಸ್ ಕೇಳುವ ಎರಡು ಆಯ್ಕೆಗಳಲ್ಲಿ ಪೆನ್ ಡ್ರೈವಿನಂತೆ ಬಳಸುವ ಮೊದಲನೆಯದನ್ನು ಒತ್ತಿ ಎಂಪಿ4 ಫೈಲ್ ಹಾಕಿದ್ದರು. ಹಳೆ ಪ್ಲೇಯರಿಗೆ ಬೇಕಾದದ್ದು ಎಂಪೆಗ್-2 ವಿಡಿಯೋ, 720×576, ಡಿವಿಡಿ ಫೋಲ್ಡರ್ ರಚನೆ, ಪೂರ್ತಿ ಮುಚ್ಚಿದ ಡಿಸ್ಕ್. "ನಿಮ್ಮ ಪ್ಲೇಯರ್ ಹಳತಾಗಿದೆ" ಎಂಬ ಉತ್ತರ ತಪ್ಪು.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಜನವರಿ 8ರಂದು ಬಂದ ಇಂಜಿನಿಯರ್ ಕೇಬಲ್ ನೋಡಲೇ ಇಲ್ಲ. "ಬಯಾಸ್ ಹಳೆಯದು, ಅಪ್‌ಡೇಟ್ ಮಾಡಿದರೆ ಯುಎಸ್‌ಬಿ ಸರಿ ಆಗ್ತದೆ" ಎಂದು ಪೆನ್ ಡ್ರೈವ್ ಚುಚ್ಚಿದರು. ಅಪ್‌ಡೇಟ್ ಮುಗಿದು ಕಂಪ್ಯೂಟರ್ ಮತ್ತೆ ಏಳುವಾಗ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದ ನಾಲ್ಕೈದು ಸಾಲು ಬಂತು. ಎಎಂಡಿ ಬೋರ್ಡು ರಿಪೇರಿ ಮಾಡುವ ಯಾರಿಗೂ ಆ ಸಾಲುಗಳು ಗೊತ್ತಿರಬೇಕು: ಎಫ್‌ಟಿಪಿಎಂ (ಪ್ರೊಸೆಸರಿನೊಳಗಿನ ಟಿಪಿಎಂ) ರಚನೆ ಬದಲಾಗಿದೆ, ರಿಸೆಟ್ ಮಾಡಲು ವೈ ಒತ್ತಿ, ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಇದ್ದರೆ ರಿಕವರಿ ಕೀ ಇಲ್ಲದೆ ಸಿಸ್ಟಂ ಏಳುವುದಿಲ್ಲ, ಹಳೆಯದನ್ನೇ ಉಳಿಸಲು ಎನ್ ಒತ್ತಿ. ನಾವು ಪಕ್ಕದಲ್ಲೇ ನಿಂತು ಮೊದಲ ಸಾಲು ಓದುತ್ತಿದ್ದೆವು. ಅಷ್ಟರಲ್ಲಿ ಅವರ ಬೆರಳು ವೈ ಮೇಲೆ ಬಿದ್ದಿತ್ತು. ಮುಂದಿನ ಪರದೆ ನೀಲಿ: 48 ಅಂಕಿಯ ಕೀ ಕೊಡಿ.

ಆ ಕೀ ನಮ್ಮ ಹತ್ತಿರ ಇರಲು ಸಾಧ್ಯವೇ ಇಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಇದೇ ಬಿಟ್‌ಲಾಕರ್ ಬೀಗ ತಾನಾಗಿ ಚಾಲೂ ಆಗುತ್ತದೆ. ಸಿ ಮಾತ್ರವಲ್ಲ, ಒಳಗೆ ಜೋಡಿಸಿದ ಡಿ ಡ್ರೈವಿಗೂ ಬೀಗ ಬೀಳುತ್ತದೆ. ಕೀ ಆ ಖಾತೆಗೆ ಹೋಗಿ ಕೂರುತ್ತದೆ. ನವೆಂಬರಿನಲ್ಲಿ ನಮ್ಮ ಖಾತೆ ಕೇಳದೆ ನಿಮ್ಮ ಅಂಗಡಿಯದ್ದನ್ನು ಹಾಕಿ, ನಾಲ್ಕು ಅಂಕಿಯ ಪಿನ್ ಮಾತ್ರ ನಮಗೆ ಬರೆದುಕೊಟ್ಟಿರಿ. ಸ್ಟಾರ್ಟ್ ಮೆನುವಿನಲ್ಲಿ ಬೇರೆ ಹೆಸರು ಬರುತ್ತದಲ್ಲ ಎಂದು ಆಗಲೇ ಕೇಳಿದ್ದೆವು. "ಅದು ಸುಮ್ಮನೆ ಹೆಸರು, ಎಂತ ಆಗುದಿಲ್ಲ" ಎಂದರು. ಈಗ ಆ ನೀಲಿ ಪರದೆಯಲ್ಲಿ ಕೀ ಯಾವ ಖಾತೆಯಲ್ಲಿದೆ ಎಂಬ ಅರ್ಧ ಮುಚ್ಚಿದ ಸುಳಿವು ಕಾಣುತ್ತಿದೆ. ಅದು ನಮ್ಮ ವಿಳಾಸವಲ್ಲ, ಮೊದಲ ಅಕ್ಷರಗಳು ನಿಮ್ಮ ಅಂಗಡಿಯವು. ಫೋಟೋ ಲಗತ್ತಿಸಿದೆ.

ಗ್ರಾಹಕರ ಖಾತೆಯಲ್ಲೇ ಸೆಟಪ್ ಮಾಡಬೇಕು, ರಿಕವರಿ ಕೀ ಪ್ರಿಂಟ್ ಕೊಟ್ಟು ಸಹಿ ಪಡೆಯಬೇಕು ಎಂದು ನಿಮ್ಮದೇ ಡೆಲಿವರಿ ಚೆಕ್‌ಲಿಸ್ಟ್‌ನ 11ನೇ ಸಾಲು ಹೇಳುತ್ತದೆ. ನಮ್ಮ ಪ್ರತಿಯಲ್ಲಿ ಆ ಸಾಲಿಗೆ ಟಿಕ್ ಇದೆ, ಸಹಿ ಇಲ್ಲ.

ಜನವರಿ 12ರಂದು ನಿಮ್ಮ ಕೌಂಟರಿನಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇವೆ. ಬೆಳಿಗ್ಗೆ 10:20ಕ್ಕೆ ಟೋಕನ್ 14 ಸಿಕ್ಕಿತು. ಕರೆದದ್ದು 12:50ಕ್ಕೆ. ಸಿಪಿಯು ಕೌಂಟರಿನ ಮೇಲಿಟ್ಟರೆ "ಕೆಳಗಿಡಿ, ಗ್ಲಾಸ್ ಗೀರ್ತದೆ" ಎಂದರು. ಕೆಳಗಿಟ್ಟೆವು.

"ಎಂತ ಪ್ರಾಬ್ಲಮ್?"

"ನಿಮ್ಮ ಇಂಜಿನಿಯರ್ ಬಯಾಸ್ ಅಪ್‌ಡೇಟ್ ಮಾಡಿದ ಮೇಲೆ ಬಿಟ್‌ಲಾಕರ್ ಕೀ ಕೇಳ್ತಾ ಉಂಟು."

"ಪಾಸ್‌ವರ್ಡ್ ಮರೆತಿದ್ದೀರಿ."

"ಪಾಸ್‌ವರ್ಡ್ ಅಲ್ಲ, ರಿಕವರಿ ಕೀ. ನಿಮ್ಮ ಖಾತೆಯಲ್ಲಿ ಉಂಟು, ಇಲ್ಲಿ ನೋಡಿ ಫೋಟೋ."

ಅವರು ಫೋಟೋ ನೋಡಲಿಲ್ಲ. ಪಕ್ಕದವರ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ, "ಪಾಸ್‌ವರ್ಡ್ ಮರ್ತು ಬರುದು, ಮತ್ತೆ ನಮ್ಮ ಮೇಲೆ ಹಾಕುದು" ಎಂದರು. ಹಿಂದಿನ ಬೆಂಚಿನಲ್ಲಿ ಏಳೆಂಟು ಜನ ಇದ್ದರು, ಇಬ್ಬರು ನಕ್ಕರು. ಡಿವಿಡಿ ವಿಷಯ ಎತ್ತಿದಾಗ "ಈಗ ಯಾರು ಡಿವಿಡಿ ನೋಡ್ತಾರೆ ಮಾರಾಯ್ರೆ, ಪೆನ್ ಡ್ರೈವಿಗೆ ಹಾಕಿ ಕೊಡಿ" ಎಂದರು. ಕೊನೆಗೆ ಒಂದು ಫಾರಂ ಮುಂದಿಟ್ಟು ಬಾಲ್‌ಪೆನ್ನಿನಿಂದ ಗುರುತು ಹಾಕಿದ ಜಾಗದಲ್ಲಿ ಸಹಿ ಮಾಡಲು ಹೇಳಿದರು. ಅದರಲ್ಲಿ ಮೊದಲೇ ಬರೆದಿತ್ತು: "ಕಸ್ಟಮರ್ ಫರ್ಗಾಟ್ ಪಾಸ್‌ವರ್ಡ್. ಫಾರ್ಮ್ಯಾಟ್ ಅಟ್ ಕಸ್ಟಮರ್ಸ್ ರಿಸ್ಕ್." ಮರೆಯದ್ದನ್ನು ಮರೆತೆವು ಎಂದು ಬರೆದುಕೊಡಲು ಹೇಳಿದಿರಿ. ಸಹಿ ಮಾಡಲಿಲ್ಲ. "ಹಾಗಾದರೆ ತಗೊಂಡು ಹೋಗಿ" ಎಂದು ಮುಂದಿನ ಟೋಕನ್ ಕರೆದರು.

ಆ ಫಾರಂಗೆ ಸಹಿ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ನಿಮ್ಮ ಸಿಬ್ಬಂದಿಗೆ ದಯವಿಟ್ಟು ತಿಳಿಸಿ. "ಸಿ ಮಾತ್ರ ಫಾರ್ಮ್ಯಾಟ್ ಮಾಡ್ತೇವೆ, ಡಿ ಸೇಫ್" ಎಂದರು. ಸೇಫ್ ಅಲ್ಲ. ಡಿ ಡ್ರೈವ್ ತಾನಾಗಿ ತೆರೆಯಲು ಬೇಕಾದ ಕೀ ಸಿ ಒಳಗಿದೆ. ಸಿಗೆ 48 ಅಂಕಿ ಕೊಟ್ಟು ಎಬ್ಬಿಸಿದರೆ ಡಿ ತಾನೇ ತೆರೆದುಕೊಳ್ಳುತ್ತದೆ. ಸಿ ಅಳಿಸಿದರೆ ಆ ದಾರಿ ಮುಚ್ಚಿತು, ಮತ್ತೆ ಡಿಗೆ ಅದರದ್ದೇ ಬೇರೆ 48 ಅಂಕಿ ಬೇಕು. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ಬೀಗದ ಚಿಹ್ನೆಯೇ ಬರುತ್ತದೆ, ಅದನ್ನೂ ಮಾಡಿ ನೋಡಿದ್ದೇವೆ. ಮರುದಿನ ಫೋನಿನಲ್ಲಿ ಡೇಟಾ ರಿಕವರಿಗೆ 14,000 ರೂಪಾಯಿ ಹೇಳಿದಿರಿ. ಎನ್‌ಕ್ರಿಪ್ಟ್ ಆದ ಡಿಸ್ಕಿನಿಂದ ಕೀ ಇಲ್ಲದೆ ಯಾವ ಸಾಫ್ಟ್‌ವೇರೂ ಒಂದು ಫೈಲ್ ಹೊರತೆಗೆಯದು. ಕೀ ಇದ್ದರೆ ರಿಕವರಿಯೇ ಬೇಡ. ಯಾವ ಕೆಲಸಕ್ಕೆ ಆ 14,000?

ಡಿಯಲ್ಲಿರುವುದು ಈ ತಿರುಗಾಟದ (ಯಕ್ಷಗಾನ ಮೇಳಗಳು ಊರೂರು ಸುತ್ತುವ ಕಾಲದ) ಚಿತ್ರೀಕರಣ. ನವೆಂಬರ್ 16ರವರೆಗಿನದ್ದಕ್ಕೆ ಬೇರೆ ಡಿಸ್ಕಿನಲ್ಲಿ ಪ್ರತಿ ಇದೆ. ಅದರ ನಂತರದ 380 ಜಿಬಿ, ಅಂದರೆ ಹನ್ನೊಂದು ಆಟ, ಮೂರು ಮದುವೆ, ಎರಡು ನೇಮ, ಡಿಯಲ್ಲಿ ಮಾತ್ರ ಇದೆ. ಕ್ಯಾಮೆರಾ ಕಾರ್ಡುಗಳು ಅಳಿದು ಮರುಬಳಕೆ ಆಗಿವೆ. ಆ ವೇಷ, ಆ ಭಾಗವತಿಕೆ ಮತ್ತೊಮ್ಮೆ ಅದೇ ರೀತಿ ಆಗುವುದಿಲ್ಲ. ಮದುವೆಯ ಮಾತಂತೂ ಹೇಳುವುದೇ ಬೇಡ.

ಆಗಬೇಕಾದ ಕೆಲಸ ದೊಡ್ಡದಲ್ಲ. ನಿಮ್ಮ ಅಂಗಡಿಯ ಖಾತೆಗೆ ಲಾಗಿನ್ ಆಗಿ ರಿಕವರಿ ಕೀ ಪುಟ ತೆರೆಯಿರಿ. ನೀಲಿ ಪರದೆಯಲ್ಲಿರುವ ಕೀ ಐಡಿಯ ಮೊದಲ ಎಂಟು ಅಕ್ಷರ ತಾಳೆ ನೋಡಿ, ಆರಾರು ಅಂಕಿಯ ಎಂಟು ಗುಂಪನ್ನು ನಮಗೆ ಕೊಡಿ. ಡಿಯ ಕೀ ಕೂಡ ಬೇಕು. ಐದು ನಿಮಿಷದ ಕೆಲಸ. ಆ ಖಾತೆ ಹಾಕಿದ ಹುಡುಗ ಕೆಲಸ ಬಿಟ್ಟಿದ್ದಾನೆ ಎಂದು ಒಮ್ಮೆ ಹೇಳಿದಿರಿ. ಅವನನ್ನು ಹುಡುಕಿ ಪಾಸ್‌ವರ್ಡ್ ಪಡೆಯುವುದು ನಿಮ್ಮ ಹೊಣೆ. ನಮ್ಮ ಕಂಪ್ಯೂಟರನ್ನು ಆ ಖಾತೆಯಿಂದ ತೆಗೆಯುವ ಮೊದಲು ಕೀ ಬರೆದುಕೊಳ್ಳಿ, ದುಡುಕಿ ಅಳಿಸಬೇಡಿ. ಕಂಪ್ಯೂಟರ್ ತೆರೆದ ಮೇಲೆ ನಮ್ಮ ಎದುರಿನಲ್ಲೇ ಎನ್‌ಕ್ರಿಪ್ಷನ್ ತೆಗೆದು ನಿಮ್ಮ ಖಾತೆ ಬಿಡಿಸಬೇಕು. 4 ಟಿಬಿ ಡಿಸ್ಕಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ಮಧ್ಯೆ ಆಫ್ ಮಾಡಿ ಹೊರಡುವ ಅವಸರದವರನ್ನು ಕಳಿಸಬೇಡಿ. ನಮ್ಮ ಹಳೆ ಸಾಟಾ ರೈಟರನ್ನು, ಅದಕ್ಕೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಪೆಟ್ಟಿಗೆ ಸಮೇತ ಹಿಂತಿರುಗಿಸಿ, ತೆಳು ರೈಟರಿನ 2,150 ರೂಪಾಯಿ ಮರಳಿಸಿ. ಇನ್ನು ಮುಂದೆ ಯಾರದ್ದೇ ಬಯಾಸ್ ಮುಟ್ಟುವ ಮೊದಲು ಬಿಟ್‌ಲಾಕರ್ ಸಸ್ಪೆಂಡ್ ಮಾಡಲು ನಿಮ್ಮ ಇಂಜಿನಿಯರುಗಳಿಗೆ ಕಲಿಸಿ. ಒಂದೇ ಸಾಲಿನ ಕಮಾಂಡ್ ಅದು.

ಫೆಬ್ರವರಿ 11ರ ಸಂಜೆಯವರೆಗೆ ಕಾಯುತ್ತೇವೆ. 12ರ ಬೆಳಿಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಾಗುತ್ತದೆ, ಅದರ ಹಿಂದೆಯೇ ಉಡುಪಿ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಅರ್ಜಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಂಗಳೂರಿಗೆ ಬರಬೇಕಾದ್ದಿಲ್ಲ. 5 ಲಕ್ಷದೊಳಗಿನ ಪಾವತಿಯ ದೂರಿಗೆ ಶುಲ್ಕವೂ ಇಲ್ಲ. ಸ್ಟುಡಿಯೋ ಎಂದರೆ ವ್ಯಾಪಾರ, ಆದ್ದರಿಂದ ನೀವು ಗ್ರಾಹಕರಲ್ಲ ಎಂಬ ವಾದ ಬೇಡ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡದ್ದು ಕಾಯ್ದೆಯ ವಿನಾಯಿತಿಯೊಳಗೇ ಬರುತ್ತದೆ. ಟಿಕ್ ಇದ್ದು ಸಹಿ ಇಲ್ಲದ ಚೆಕ್‌ಲಿಸ್ಟ್, ಸಹಿ ಮಾಡದೆ ಮಡಚಿ ತಂದ ಆ ಫಾರಂ, ನೀಲಿ ಪರದೆಯ ಫೋಟೋ ಮೂರೂ ಆಯೋಗದ ಮುಂದಿರುತ್ತವೆ.

ಮೇ ತಿಂಗಳ ಪತ್ತನಾಜೆವರೆಗೆ ಮೇಳಗಳ ತಿರುಗಾಟ ಉಂಟು. ಅಲ್ಲಿಯವರೆಗೆ ಬ್ರಹ್ಮಾವರ, ಕುಂದಾಪುರ, ಕಾಪು, ಮೂಲ್ಕಿಯ ಸ್ಟುಡಿಯೋದವರು ಪ್ರತಿ ರಾತ್ರಿ ಯಾವುದಾದರೂ ಗದ್ದೆಯ ರಂಗಸ್ಥಳದ ಎದುರು ಕ್ಯಾಮೆರಾ ಇಟ್ಟು ಸಿಗುತ್ತಾರೆ. ಅವರಲ್ಲಿ ಹಲವರು ಕಂಪ್ಯೂಟರ್ ಮಾಡಿಸಿದ್ದು ನಿಮ್ಮಲ್ಲೇ. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇದೆಯೇ, ಖಾತೆ ಯಾರದ್ದು ಎಂದು ನೋಡಲು ಒಬ್ಬೊಬ್ಬರಿಗೂ ಹೇಳಲು ಶುರು ಮಾಡಿದ್ದೇವೆ. ನಿನ್ನೆಯವರೆಗೆ ನಾಲ್ವರು ನೋಡಿದರು. ಇಬ್ಬರ ಕಂಪ್ಯೂಟರಿನಲ್ಲಿ ನಿಮ್ಮ ಅಂಗಡಿಯದ್ದೇ ಖಾತೆ ಇದೆ.

ಇಂತಿ,
ಸ್ಟುಡಿಯೋದ ಪರವಾಗಿ
(ಸಹಿ)