ವಿಡಿಯೊ ಇದೆ, ತೋರಿಸಲು ಪರದೆ ಎಲ್ಲಿ?

ಪೊಲೀಸರು ಶೋಧ, ಜಪ್ತಿ ಮಾಡುವಾಗ ತೆಗೆದ ವಿಡಿಯೊ ಕೋರ್ಟ್ ಹಾಲ್‌ನಲ್ಲಿ ಎಲ್ಲರಿಗೂ ಸರಿಯಾಗಿ ಕಾಣುವಂತಾಗಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ, ಅಪರಾಧ ಪ್ರಕರಣಗಳ ತನಿಖೆ, ವಿಚಾರಣೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಈ ಚಿತ್ರೀಕರಣವನ್ನು ಕಡ್ಡಾಯ ಮಾಡಿದೆ. ಒಳ್ಳೆಯದೇ. ‘ಠಾಣೆಗೆ ಕರೆದರು, ಸುಮ್ನೆ ಸಹಿ ಹಾಕಿದೆ’ ಎಂದು ಪಂಚರು (ಶೋಧ, ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕುವವರು) ಉಲ್ಟಾ ಹೊಡೆಯುವುದನ್ನು ಎಷ್ಟು ನೋಡಿಲ್ಲ? ಪೊಲೀಸರೂ ಸುಲಭಕ್ಕೆ ಕಥೆ ಕಟ್ಟಲಾರರು.

ಆದರೆ ಈಚೆಗೆ ನಾನು ಸಾಕ್ಷಿಯಾಗಿ ಹೋಗಿದ್ದ ಕೋರ್ಟಿನಲ್ಲಿ ಪೆನ್‌ಡ್ರೈವ್ ತೆರೆಯಲೇ ಇಲ್ಲ. ಕೊನೆಗೆ ವಕೀಲರೊಬ್ಬರ ಲ್ಯಾಪ್‌ಟಾಪ್ ಸುತ್ತ ಎಲ್ಲರೂ ಬಗ್ಗಿ ನಿಂತೆವು. ಚಿತ್ರ ಬಂತು, ದನಿ ಕೇಳಿಸಲಿಲ್ಲ. ಮತ್ತೆ ಮುಂದಿನ ದಿನಾಂಕ! ಕೂಲಿ ಬಿಟ್ಟು ಬಂದವರಿಗೆ ಇದು ಜಾಸ್ತಿಯೇ ಆಯಿತು, ಅಲ್ವಾ?

ಪ್ರತಿ ತಾಲ್ಲೂಕು ಕೋರ್ಟಿಗೂ ಒಂದು ದೊಡ್ಡ ಪರದೆ, ಸ್ಪೀಕರ್, ಅವನ್ನು ನಡೆಸಲು ಬಲ್ಲ ಒಬ್ಬ ಸಿಬ್ಬಂದಿಯನ್ನು ಸರ್ಕಾರ ಕೊಡಲಿ.

– ಒಬ್ಬ ಓದುಗ